ಎಂ35ಎ2 ಟ್ರಕ್: ಹೊಸ ಬ್ಯಾಟರಿ ಹಾಕಿದರೂ ವಾರಕ್ಕೇ ಡೌನ್, ಸೆಲ್ಫ್ ನಿಧಾನ, ಬ್ರೇಕ್ ಲೈಟ್ ಇಲ್ಲ (ಫೋರಂ ಚರ್ಚೆ; ಪ್ರತಿ ಸಂದೇಶದ ಮೇಲಿರೋದು ಬರೆದವರ ಅಡ್ಡಹೆಸರು)

ಎರಡೂವರೆ ಟನ್
ಗಾಡಿ ಅಮೆರಿಕದ ಸೇನೆಯ ಎಂ35ಎ2, 1971ರ ಎಎಂ ಜನರಲ್ ತಯಾರಿಕೆ. ಎಲ್‌ಡಿಟಿ-465 ಮಲ್ಟಿಫ್ಯೂಯಲ್ (ಹಲವು ಬಗೆಯ ಇಂಧನಕ್ಕೆ ಓಡುವ) ಎಂಜಿನ್. ನಿಂತಿರೋದು ಓಹಾಯೋದಲ್ಲಿ. 24 ವೋಲ್ಟ್ ವ್ಯವಸ್ಥೆ, ಎರಡು 12 ವೋಲ್ಟ್ 6ಟಿ (ಸೇನೆಯ ಅಳತೆಯ) ಬ್ಯಾಟರಿ ಸೀರೀಸ್‌ನಲ್ಲಿ, ಎರಡೂ ಆಸಿಡ್ ಬ್ಯಾಟರಿ, 100 ಆಂಪಿಯರ್-ಅವರ್, ಮೂರು ತಿಂಗಳ ಹಿಂದಿನವು. 60 ಆಂಪಿಯರ್ ಆಲ್ಟರ್ನೇಟರ್.

ತೊಂದರೆಗಳು: ಏಳೆಂಟು ದಿನ ನಿಂತರೆ ಸೆಲ್ಫ್ ಎಳೆಯೋದಿಲ್ಲ. ಫುಲ್ ಚಾರ್ಜ್ ಮಾಡಿದ ಮರುದಿನವೂ ಸೆಲ್ಫ್ ನಿಧಾನ. ಎಂಜಿನ್ ಓಡುವಾಗ ಬ್ಯಾಟರಿ ಗೇಜಿನ ಮುಳ್ಳು ಹಳದಿಯಿಂದ ಹಸಿರಿಗೆ ಪೂರ್ತಿ ಬರಲ್ಲ. ಹಗಲು ಬ್ರೇಕ್ ಲೈಟ್ ಹತ್ತಲ್ಲ. ಆಲ್ಟರ್ನೇಟರ್ ಬದಲಿಸಬೇಕಾ?

ಅರ್ತ್ ವೈರ್
ಸರ್, ಆಲ್ಟರ್ನೇಟರ್ ಸದ್ಯಕ್ಕೆ ಮುಟ್ಟಬೇಡಿ. ಇದರಲ್ಲಿ ನಾಲ್ಕು ಬೇರೆ ಬೇರೆ ದೋಷ ಇರಬಹುದು, ಒಂದೇ ಅಂದುಕೊಂಡು ಹುಡುಕಿದರೆ ಸಿಗಲ್ಲ. ಮೊದಲು ಅಳತೆ ಕೊಡಿ. ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ: ಎರಡೂ ಬ್ಯಾಟರಿ ಸೇರಿಸಿ ಒಂದೇ ಸಲ ಅಳೆಯಬೇಡಿ. ಪ್ರತಿಯೊಂದನ್ನೂ ಬೇರೆಯಾಗಿ ಅಳೆಯಿರಿ.

ಬೇಕಾದ ಅಳತೆಗಳು ಇವು.

ಒಂದು, ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ, ಏನೂ ಹಾಕದೆ, ಒಂದೊಂದು ಬ್ಯಾಟರಿಯ ವೋಲ್ಟೇಜ್. ಫ್ರೇಮಿಗೆ ಅರ್ತ್ ಆಗಿರುವ ಬ್ಯಾಟರಿಗೆ ‘ಕೆಳಗಿನದು’ ಅನ್ನೋಣ, ಸ್ಟಾರ್ಟರ್ ಕೇಬಲ್ ಹೋಗೋದಕ್ಕೆ ‘ಮೇಲಿನದು’.

ಎರಡು, ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್. ಎಂಜಿನ್ ಸ್ಟಾಪ್ ಹಿಡಿಯನ್ನು ಎಳೆದೇ ಇಡಿ, ಆಗ ಡೀಸೆಲ್ ಹೋಗಲ್ಲ, ಎಂಜಿನ್ ಹತ್ತಲ್ಲ, ಅಳೆಯೋಕೆ ಸಮಯ ಸಿಗುತ್ತೆ. ಹತ್ತು ಸೆಕೆಂಡ್ ಮೀರಬೇಡಿ, ನಡುವೆ ಎರಡು ಮೂರು ನಿಮಿಷ ಸ್ಟಾರ್ಟರ್ ತಣ್ಣಗಾಗಲಿ. ಆಗಲೇ ಬ್ಯಾಟರಿಗಳ ಮೇಲೆ ಎಷ್ಟು, ಸ್ಟಾರ್ಟರಿನ ದೊಡ್ಡ ಬೋಲ್ಟಿನಿಂದ ಸ್ಟಾರ್ಟರ್ ಮೈಗೆ ಎಷ್ಟು, ಎರಡನ್ನೂ ಬರೆದುಕೊಳ್ಳಿ.

ಮೂರು, ಎಂಜಿನ್ ಸುಮಾರು 1200 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿದ ಮೇಲೆ ಆಲ್ಟರ್ನೇಟರ್ ಔಟ್‌ಪುಟ್ ಬೋಲ್ಟಿನಲ್ಲಿ, ಮತ್ತೆ ಒಂದೊಂದು ಬ್ಯಾಟರಿಯಲ್ಲಿ.

ನಾಲ್ಕು, ಎಲ್ಲ ಸ್ವಿಚ್ ಆಫ್ ಮಾಡಿ, ಕೆಳಗಿನ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಪೋಸ್ಟಿಗೂ ಕೇಬಲ್ಲಿಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟು ಕರೆಂಟ್ ಎಷ್ಟು ಹರೀತಿದೆ ನೋಡಿ. ಮೀಟರ್ ಹೀಗೆ ಸಿಕ್ಕಿಸಿರುವಾಗ ಯಾರೂ ಸೆಲ್ಫ್ ಬಟನ್ ಒತ್ತಬಾರದು, ಒತ್ತಿದರೆ ಮೀಟರಿನ ಫ್ಯೂಸ್ ಹೋಗುತ್ತೆ.

ದೀಪದ ಕಂಬ
ಬ್ರೇಕ್ ಲೈಟ್ ವಿಷಯ ಬೇರೆಯಾಗಿ ಹೇಳ್ತೀನಿ, ಅದು ಬಹುಶಃ ದೋಷವೇ ಅಲ್ಲ. ಮೂರು ಲಿವರಿನ ಲೈಟ್ ಸ್ವಿಚ್ಚಿನ ದೊಡ್ಡ ಲಿವರ್ ‘ಆಫ್’ನಲ್ಲಿದ್ದರೆ ಬ್ರೇಕ್ ಲೈಟಿಗೆ ಕರೆಂಟೇ ಹೋಗಲ್ಲ. ಸೇನೆಯ ಗಾಡಿ ಕತ್ತಲಲ್ಲಿ ಅಡಗಿ ನಿಂತಾಗ ಪೆಡಲ್ ಮೇಲೆ ಕಾಲು ಬಿದ್ದರೂ ಹಿಂದಿನ ಕೆಂಪು ದೀಪ ಹತ್ತಬಾರದು, ಅದಕ್ಕೇ ಹೀಗೆ ಮಾಡಿದ್ದು. ಹಗಲು ಓಡಿಸುವಾಗ ಅನ್‌ಲಾಕ್ ಲಿವರ್ ಒತ್ತಿ ಹಿಡಿದು ದೊಡ್ಡ ಲಿವರನ್ನು ‘ಸ್ಟಾಪ್ ಲೈಟ್’ಗೆ ತರಬೇಕು. ರಾತ್ರಿ ‘ಸರ್ವಿಸ್ ಡ್ರೈವ್’. ಹಾಗೆ ಇಟ್ಟೂ ಹತ್ತದಿದ್ದರೆ ಬ್ರೇಕ್ ಸ್ವಿಚ್ಚಿನ ಎರಡು ವೈರ್ ಕಳಚಿ ಒಂದಕ್ಕೊಂದು ತಾಗಿಸಿ. ದೀಪ ಹತ್ತಿದರೆ ಬ್ರೇಕ್ ಸ್ವಿಚ್ ಹೋಗಿದೆ. ಹತ್ತದಿದ್ದರೆ ಲೈಟ್ ಸ್ವಿಚ್ಚಿನ ಕಡೆಯೋ ಹಿಂದಿನ ದೀಪದ ಅರ್ತೋ ನೋಡಬೇಕು.

ಎರಡೂವರೆ ಟನ್
‘ಸ್ಟಾಪ್ ಲೈಟ್’ಗೆ ಇಟ್ಟ ಕೂಡಲೇ ಬಲಗಡೆ ಬ್ರೇಕ್ ಲೈಟ್ ಬಂತು. ಎಡಗಡೆ ಮಂಕು.

ಅಳತೆಗಳು:
ಬೆಳಿಗ್ಗೆ: ಕೆಳಗಿನದು 11.9, ಮೇಲಿನದು 12.9. ಎರಡೂ ಸೇರಿ 24.8.
ಸೆಲ್ಫ್ ಹೊಡೆಯುವಾಗ: ಕೆಳಗಿನದು 8.9, ಮೇಲಿನದು 11.6, ಎರಡರ ನಡುವಿನ ಲಿಂಕ್ ಸೇರಿಸಿ ಅಳೆದರೆ 20.4. ಸ್ಟಾರ್ಟರಿನಲ್ಲಿ 17.1.
ಓಡುವಾಗ: ಆಲ್ಟರ್ನೇಟರಿನಲ್ಲಿ 28.4. ಬ್ಯಾಟರಿಯಲ್ಲಿ ಒಟ್ಟು 28.2, ಕೆಳಗಿನದು 13.1, ಮೇಲಿನದು 15.1.
ಎಲ್ಲ ಆಫ್ ಮಾಡಿದಾಗ ಫ್ರೇಮ್ ಕೇಬಲ್ಲಿನಲ್ಲಿ ಹರಿಯೋದು 0.35 ಆಂಪಿಯರ್.

ಅರ್ತ್ ವೈರ್
ಇಷ್ಟು ಶುದ್ಧವಾಗಿ ಅಳತೆ ಕೊಟ್ಟಿದ್ದಕ್ಕೆ ಧನ್ಯವಾದ ಸರ್. ಆಲ್ಟರ್ನೇಟರ್ ಆರೋಗ್ಯವಾಗಿದೆ. ಈ ವ್ಯವಸ್ಥೆಗೆ 28 ವೋಲ್ಟ್ ಆಸುಪಾಸು ಇರಬೇಕು, ಇದೆ.

ಬೆಳಗಿನ 24.8 ನೋಡಿ. ಒಟ್ಟಿಗೆ ಅಳೆದಿದ್ದರೆ ‘ಮುಕ್ಕಾಲು ಚಾರ್ಜ್ ಇದೆ, ಪರವಾಗಿಲ್ಲ’ ಅಂತ ಮುಂದೆ ಹೋಗ್ತಿದ್ರಿ. ಬಿಡಿಸಿ ಅಳೆದಾಗ ಒಂದು ಕಾಲು ಭಾಗಕ್ಕಿಂತ ಕೆಳಗೆ, ಇನ್ನೊಂದು ತುಂಬಿ ತುಳುಕ್ತಿದೆ. ಒಂದೇ ದಿನ ತಂದ ಬ್ಯಾಟರಿಗಳಲ್ಲಿ ಹೀಗಾಗಬೇಕಾದರೆ ಯಾರೋ ಕೆಳಗಿನದರಿಂದ ಮಾತ್ರ 12 ವೋಲ್ಟ್ ಎಳೆದಿದ್ದಾರೆ. ಎರಡು ಬ್ಯಾಟರಿ ಜೋಡಿಸುವ ಲಿಂಕ್ ಕೇಬಲ್ಲಿನ ತುದಿಯಲ್ಲಿ ಬೇರೆ ಸಣ್ಣ ವೈರ್ ಏನಾದರೂ ಸಿಕ್ಕಿಸಿದೆಯಾ? ಸ್ಟೀರಿಯೋ, ಮೊಬೈಲ್ ಚಾರ್ಜರ್, ಸಿ.ಬಿ. ರೇಡಿಯೋ?

ಎರಡೂವರೆ ಟನ್
ಇದೆ. ಲಿಂಕ್ ಬೋಲ್ಟಿನಲ್ಲಿ ಒಂದು ಕೆಂಪು ವೈರ್. ಡ್ಯಾಶಿನ ಕೆಳಗೆ ಸ್ಟೀರಿಯೋ ಮತ್ತು ಯುಎಸ್‌ಬಿ ಸಾಕೆಟ್‌ಗೆ ಹೋಗುತ್ತೆ. ಹಿಂದಿನ ಮಾಲೀಕರು ಹಾಕಿಸಿದ್ದು. ಅದನ್ನು ಕಿತ್ತ ಕೂಡಲೇ 0.35 ಇದ್ದದ್ದು 0.00 ಆಯ್ತು.

ಅರ್ತ್ ವೈರ್
ಇದೇ ವಾರದ ಲೆಕ್ಕ. 0.35 ಆಂಪಿಯರ್ ಅನ್ನು ವಾರದ 168 ಗಂಟೆಗೆ ಗುಣಿಸಿದರೆ ಹೆಚ್ಚು ಕಡಿಮೆ 59 ಆಂಪಿಯರ್-ಅವರ್. ನೂರರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯ್ತು, ಅದೂ ಒಂದೇ ಬ್ಯಾಟರಿಯಿಂದ. ಈ ಗಾಡಿಯಲ್ಲಿ ಗಡಿಯಾರ ಇಲ್ಲ, ಕಂಪ್ಯೂಟರ್ ಇಲ್ಲ. ಎಲ್ಲ ಆಫ್ ಆದಾಗ ಮೀಟರಿನಲ್ಲಿ ಸೊನ್ನೆ, ಹೆಚ್ಚೆಂದರೆ ಆಲ್ಟರ್ನೇಟರ್ ಡಯೋಡಿನ ಕೆಲವು ಮಿಲಿಆಂಪಿಯರ್ ಕಾಣಬೇಕು.

ಆದರೆ ಅದಕ್ಕಿಂತ ಕೆಟ್ಟದ್ದು ಓಡುವಾಗ ಆಗುತ್ತೆ. ಸೀರೀಸ್‌ನಲ್ಲಿ ಎರಡಕ್ಕೂ ಒಂದೇ ಚಾರ್ಜಿಂಗ್ ಕರೆಂಟ್ ಹೋಗೋದು. ಆಲ್ಟರ್ನೇಟರಿಗೆ ಕಾಣೋದು ಒಟ್ಟು ವೋಲ್ಟೇಜ್ ಮಾತ್ರ. ಕೆಳಗಿನದು ಖಾಲಿ ಇದ್ದಷ್ಟೂ ಅದರ ವೋಲ್ಟೇಜ್ ಏರಲ್ಲ, ಉಳಿದ ವೋಲ್ಟೇಜೆಲ್ಲ ಮೇಲಿನದರ ತಲೆ ಮೇಲೆ. 15.1 ಅಂದರೆ ಆ ಬ್ಯಾಟರಿ ಒಳಗೊಳಗೇ ಕುದೀತಿದೆ, ನೀರು ಇಂಗ್ತಿದೆ. ಒಂದು ಹಸಿವಿನಿಂದ ಸಾಯುತ್ತೆ, ಇನ್ನೊಂದು ಅಜೀರ್ಣದಿಂದ. ಮೇಲಿನದರ ಆರೂ ಮುಚ್ಚಳ ತೆಗೆದು ನೀರು ಎಷ್ಟಿದೆ ಈಗಲೇ ನೋಡಿ.

12 ವೋಲ್ಟ್ ಬೇಕೇ ಬೇಕು ಅಂದರೆ 24ರಿಂದ 12 ಮಾಡುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ, ಎರಡೂ ಬ್ಯಾಟರಿಯಿಂದ ಸಮವಾಗಿ ಎಳೆಯುತ್ತೆ. ಸ್ಟೀರಿಯೋಗೆ 10 ಆಂಪಿಯರಿನದು ಸಾಕು. ಅದರ 24 ವೋಲ್ಟ್ ಇನ್‌ಪುಟ್ಟನ್ನು ಆಕ್ಸೆಸರಿ ಸ್ವಿಚ್ ಆದ ಮೇಲೆ ತೆಗೆದುಕೊಳ್ಳಿ, ಸ್ವಿಚ್ ಆಫ್ ಆದರೆ ಕನ್ವರ್ಟರೂ ಸಾಯಬೇಕು. ಕನ್ವರ್ಟರ್ ಸುಮ್ಮನೆ ಇದ್ದರೂ ಸ್ವಲ್ಪ ಕರೆಂಟ್ ತಿನ್ನುತ್ತೆ. ಇನ್‌ಪುಟ್ಟಿಗೆ 7.5 ಆಂಪಿಯರ್ ಫ್ಯೂಸ್.

ಸೋಡಾ ನೀರು
ಈ ಬ್ಯಾಟರಿಗಳನ್ನು ಈಗ ಗಾಡಿಯಲ್ಲೇ ಬಿಟ್ಟು ಸರಿ ಮಾಡೋಕೆ ಹೋಗಬೇಡಿ. ಲಿಂಕ್ ಕಳಚಿ, ಕೆಳಗಿನದನ್ನು ಒಂಟಿಯಾಗಿ 12 ವೋಲ್ಟ್ ಚಾರ್ಜರಿನಲ್ಲಿ 10 ಆಂಪಿಯರ್‌ನಲ್ಲಿ ಹಾಕಿ. ಮೇಲಿನದಕ್ಕೆ ಪ್ಲೇಟ್ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ. ಪೂರ್ತಿ ಮಟ್ಟಕ್ಕೆ ತುಂಬೋದು ಚಾರ್ಜ್ ಆದ ಮೇಲೆ, ಇಲ್ಲದಿದ್ದರೆ ಉಕ್ಕಿ ಬರುತ್ತೆ. ಆಸಿಡ್ ಮಾತ್ರ ಸೇರಿಸಬೇಡಿ. ಇಂಗಿ ಹೋಗಿದ್ದು ನೀರು, ಆಸಿಡ್ ಒಳಗೇ ಇದೆ.

ಆಮೇಲೆ ಹೈಡ್ರೋಮೀಟರ್, ಅಂದರೆ ಆಸಿಡ್‌ನ ಸಾಂದ್ರತೆ ಅಳೆಯುವ ಕೊಳವೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ತುಂಬಿದ ಸೆಲ್ 1.265ರಿಂದ 1.280, ಅರ್ಧ ಅಂದರೆ 1.190, ಖಾಲಿ 1.120. ಚಳಿಯಲ್ಲಿ ಓದಿದರೆ ಪ್ರತಿ 10 ಡಿಗ್ರಿ ಇಳಿತಕ್ಕೆ 0.007 ಕಳೆಯಬೇಕು. ಗಂಟೆಗೊಮ್ಮೆ ಅಳೆದು ಮೂರು ಸಲ ಒಂದೇ ಅಂಕಿ ಬಂದರೆ ಚಾರ್ಜ್ ಮುಗಿಯಿತು ಅಂತ ಲೆಕ್ಕ. ಆರು ಸೆಲ್‌ಗಳಲ್ಲಿ ಒಂದು ಉಳಿದವಕ್ಕಿಂತ 0.050 ಕೆಳಗೇ ಉಳಿದರೆ ಆ ಸೆಲ್ ಸತ್ತಿದೆ, ಬ್ಯಾಟರಿ ಬದಲಿಸಿ. ಬದಲಿಸೋದಾದರೆ ಎರಡನ್ನೂ. ಹೊಸದಕ್ಕೆ ಹಳೇದನ್ನು ಜೋಡಿ ಮಾಡಿದರೆ ಸ್ಟೀರಿಯೋ ಇಲ್ಲದೆಯೇ ಇದೇ ಕಥೆ ಮರುಕಳಿಸುತ್ತೆ.

ಓಹಾಯೋ ಚಳಿಗೆ ಇನ್ನೊಂದು ಮಾತು. 1.265 ಇರುವ ಆಸಿಡ್ ಮೈನಸ್ 50ಕ್ಕೂ ಹೆಪ್ಪುಗಟ್ಟಲ್ಲ. 1.150ಕ್ಕೆ ಇಳಿದದ್ದು ಮೈನಸ್ 15ರ ಹೊತ್ತಿಗೇ ಗಟ್ಟಿಯಾಗಿ ಪೆಟ್ಟಿಗೆ ಸೀಳುತ್ತೆ. ಡೌನ್ ಆದ ಬ್ಯಾಟರಿಯನ್ನು ಡಿಸೆಂಬರಿನಲ್ಲಿ ಹೊರಗೆ ಬಿಡಬೇಡಿ. ಒಳಗೆ ಹೆಪ್ಪುಗಟ್ಟಿದೆ ಅನ್ನಿಸಿದರೆ ಅದಕ್ಕೆ ಚಾರ್ಜರೂ ಹಾಕಬೇಡಿ, ಸ್ಲೇವ್ ಕೇಬಲ್ಲೂ (ಇನ್ನೊಂದು ಗಾಡಿಯಿಂದ ಕರೆಂಟ್ ತರುವ ಕೇಬಲ್) ಬೇಡ.

ಅರ್ತ್ ವೈರ್
ಇನ್ನು ಸೆಲ್ಫ್. ಬ್ಯಾಟರಿಯಲ್ಲಿ 20.4, ಸ್ಟಾರ್ಟರಿನಲ್ಲಿ 17.1. ನಡುವೆ 3.3 ವೋಲ್ಟ್ ಎಲ್ಲೋ ಬಿಸಿಯಾಗಿ ಹೋಗ್ತಿದೆ. ಪಾಸಿಟಿವ್, ನೆಗೆಟಿವ್ ಎರಡೂ ಕಡೆ ಸೇರಿ 1 ವೋಲ್ಟ್ ದಾಟಬಾರದು. ಬ್ಯಾಟರಿ ತುಂಬಿದ ಮೇಲೂ ಈ ಕಾಯಿಲೆ ಹಾಗೇ ಇರುತ್ತೆ.

ಇದನ್ನು ಓಮ್ ರೇಂಜಿನಲ್ಲಿ ಹುಡುಕಿದರೆ ಸಿಗಲ್ಲ. ಸ್ಟಾರ್ಟರ್ ಎಳೆಯೋದು ನೂರಾರು ಆಂಪಿಯರ್. 300 ಆಂಪಿಯರಿಗೆ 0.005 ಓಮ್ ಅಡ್ಡ ಬಂದರೂ 1.5 ವೋಲ್ಟ್ ಹೋಯ್ತು, ಸಾಮಾನ್ಯ ಮಲ್ಟಿಮೀಟರಿಗೆ 0.005 ಓಮ್ ಅಂದರೆ ಸೊನ್ನೆ. ಆದ್ದರಿಂದ ಸೆಲ್ಫ್ ಹೊಡೆಯುತ್ತಲೇ ವೋಲ್ಟೇಜ್ ಅಳೆಯಬೇಕು. ನೆಗೆಟಿವ್ ಕಡೆ ಹೆಜ್ಜೆ ಹೆಜ್ಜೆಯಾಗಿ: ಬ್ಯಾಟರಿ ಪೋಸ್ಟಿನಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಫ್ರೇಮ್ ತುದಿಯ ಲೋಹದ ಬಳೆ, ಅಂದರೆ ಲಗ್‌ಗೆ, ಲಗ್‌ನಿಂದ ಫ್ರೇಮಿನ ಬರಿ ಕಬ್ಬಿಣಕ್ಕೆ, ಫ್ರೇಮಿನಿಂದ ಎಂಜಿನ್ ಬ್ಲಾಕಿಗೆ. ಮೀಟರಿನ ಮೊನೆಯನ್ನು ಬಣ್ಣದ ಮೇಲೆ ಇಡಬೇಡಿ, ಕೆರೆದು ಇಡಿ.

ಎರಡೂವರೆ ಟನ್
ಎರಡೂ ಬ್ಯಾಟರಿ ಬೇರೆಬೇರೆಯಾಗಿ ಚಾರ್ಜ್ ಆಗಿವೆ, ಸೆಲ್‌ಗಳು 1.260 ರಿಂದ 1.270. ಮೇಲಿನದಕ್ಕೆ ಸುಮಾರು ಮುಕ್ಕಾಲು ಲೀಟರ್ ನೀರು ಹಿಡಿಯಿತು.
ಪಾಸಿಟಿವ್ ಕಡೆ ಒಟ್ಟು 0.4. ನೆಗೆಟಿವ್ ಕಡೆ: ಪೋಸ್ಟ್–ಕ್ಲ್ಯಾಂಪ್ 0.05, ಕೇಬಲ್ ಉದ್ದಕ್ಕೆ 0.25, ಲಗ್–ಫ್ರೇಮ್ 1.7, ಫ್ರೇಮ್–ಎಂಜಿನ್ 0.9.

ಅರ್ತ್ ವೈರ್
ಸಿಕ್ಕಿತು ನೋಡಿ. ಲಗ್–ಫ್ರೇಮ್ 1.7. ಆ ಬೋಲ್ಟ್ ಬಿಚ್ಚಿದರೆ ಲಗ್‌ನ ಕೆಳಗೆ ಹಸಿರು ಬಣ್ಣದ ಪದರ, ಅದರ ಕೆಳಗೆ ತುಕ್ಕು, ನಡುವೆ ಉಗುರಿನಷ್ಟು ಜಾಗದಲ್ಲಿ ಮಾತ್ರ ಹೊಳಪು ಕಾಣುತ್ತೆ. ಇಷ್ಟು ದಿನ ಕರೆಂಟೆಲ್ಲ ದಾಟ್ತಿದ್ದದ್ದು ಆ ಉಗುರಗಲದಲ್ಲಿ.

ಫ್ರೇಮಿನಲ್ಲಿ ಲಗ್‌ಗಿಂತ ಸ್ವಲ್ಪ ದೊಡ್ಡ ವೃತ್ತದಷ್ಟು ಬಣ್ಣ ತೆಗೆದು ಬೆಳ್ಳಗೆ ಹೊಳೆಯುವ ತನಕ ತಿಕ್ಕಿ. ಲಗ್ ನೇರವಾಗಿ ಕಬ್ಬಿಣದ ಮೇಲೆ ಕೂರಬೇಕು, ವಾಷರ್ ಲಗ್‌ನ ಮೇಲಿರಬೇಕು, ನಡುವೆ ಬೇಡ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸೋ ಬಣ್ಣವೋ ಬಳಿಯಿರಿ. ಫ್ರೇಮ್–ಎಂಜಿನ್ 0.9ಕ್ಕೆ ಅರ್ತ್ ಪಟ್ಟಿ ಬದಲಿಸಿ. ಹೆಣೆದ ತಾಮ್ರದ ಪಟ್ಟಿ ಬೂದು ಪುಡಿ ಉದುರಿಸ್ತಾ ಇದ್ದರೆ ಅದರ ಆಯುಸ್ಸು ಮುಗಿದಿದೆ. ಹೊಸ ಕೇಬಲ್ ಹಾಕೋದಾದರೆ 2/0 ಗೇಜ್, ಅಂದರೆ ಸುಮಾರು 70 ಚದರ ಮಿಲಿಮೀಟರಿನ ತಾಮ್ರ. ಲಗ್‌ಗೆ ಹೈಡ್ರಾಲಿಕ್ ಕ್ರಿಂಪ್, ಮೇಲೆ ಅಂಟು ಇರುವ ಹೀಟ್-ಶ್ರಿಂಕ್. ಸುತ್ತಿಗೆಯಿಂದ ಬಡಿದು ಕೂರಿಸಿದ ಲಗ್ ಒಂದು ಮಳೆಗಾಲ ತಡೆಯಲ್ಲ.

ಬಿಚ್ಚುವಾಗ ಮೊದಲು ಫ್ರೇಮ್ ಕಡೆಯ ನೆಗೆಟಿವ್, ಹಾಕುವಾಗ ಅದೇ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಪೆಟ್ಟಿಗೆಯ ಅಂಚಿಗೆ ತಾಗಿದರೆ ಅದು ಕೆಂಪಗೆ ಕಾದು ಅಲ್ಲೇ ಅಂಟಿಕೊಳ್ಳುತ್ತೆ. ಕೈಯಲ್ಲಿ ಉಂಗುರ, ಲೋಹದ ಗಡಿಯಾರ ಬೇಡ.

ಸೋಡಾ ನೀರು
ಬ್ಯಾಟರಿ ಪೆಟ್ಟಿಗೆ ಖಾಲಿ ಇರುವಾಗಲೇ ತೊಳೆದುಬಿಡಿ. ಅರ್ಧ ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ, ನೊರೆ ನಿಲ್ಲುವ ತನಕ ಸುರಿದು ಶುದ್ಧ ನೀರಿನಲ್ಲಿ ತೊಳೆಯಿರಿ. ಬ್ಯಾಟರಿ ಮೇಲ್ಮೈಯನ್ನೂ ಹೀಗೆ ಒರೆಸಬಹುದು, ಆದರೆ ಮುಚ್ಚಳ ಬಿಗಿಯಾಗಿರಲಿ. ಒಂದು ಹನಿ ಸೋಡಾ ಒಳಗೆ ಹೋದರೂ ಅಷ್ಟು ಆಸಿಡ್ ಸತ್ತಂತೆ.

ದೀಪದ ಕಂಬ
ಗೇಜಿನ ಮುಳ್ಳಿನ ವಿಷಯ. ಬ್ಯಾಟರಿಯಲ್ಲಿ 28.2 ಇದ್ದೂ ಮುಳ್ಳು ಹಸಿರಿಗೆ ಬರ್ತಿಲ್ಲ ಅಂದರೆ ಗೇಜಿಗೆ ಅಷ್ಟು ವೋಲ್ಟ್ ತಲುಪ್ತಿಲ್ಲ. ಅದು ಬಣ್ಣದ ಪಟ್ಟಿ ಬಳಿದ ವೋಲ್ಟ್ ಮೀಟರ್, ಅಷ್ಟೇ. ಈ ಟ್ರಕ್ಕಿನ ಪ್ರತಿ ವೈರಿಗೂ ತುದಿಯಲ್ಲಿ ಸಣ್ಣ ಲೋಹದ ಪಟ್ಟಿ, ಅದರ ಮೇಲೆ ಕೆತ್ತಿದ ಸಂಖ್ಯೆ ಇರುತ್ತೆ. ಬಣ್ಣ ನೋಡಿ ಹುಡುಕಬೇಡಿ, ಎಲ್ಲ ವೈರೂ ಕಪ್ಪೇ. ಗೇಜುಗಳಿಗೆ ಕರೆಂಟ್ ತರೋದು 27. ಇಂಧನದ ಸೆಂಡರ್ (ಟ್ಯಾಂಕಿನಲ್ಲಿ ಅಳೆದು ಗೇಜಿಗೆ ತಿಳಿಸುವ ಭಾಗ) 28, ತಾಪಮಾನ 33, ಆಯಿಲ್ ಪ್ರೆಷರ್ 36. ಹೆಡ್‌ಲೈಟ್ ಹೈ 17, ಲೋ 18.

ಎಲ್ಲ ಗೇಜೂ ಒಟ್ಟಿಗೆ ಕಡಿಮೆ ತೋರಿಸಿದರೆ 27 ಅಥವಾ ಗೇಜ್ ಫಲಕದ ಅರ್ತ್. ಒಂದೇ ತಪ್ಪು ತೋರಿಸಿದರೆ ಅದರದ್ದೇ ಸೆಂಡರ್ ವೈರ್. ಇಂಧನದ ಗೇಜಿಗೆ ಸುಲಭದ ಪರೀಕ್ಷೆ ಇದೆ: ಟ್ಯಾಂಕಿನ ಮೇಲಿನ 28 ಕಳಚಿ ಹಾಗೇ ಬಿಟ್ಟರೆ ಮುಳ್ಳು ಫುಲ್ ದಾಟಬೇಕು, ಫ್ರೇಮಿಗೆ ತಾಗಿಸಿದರೆ ಖಾಲಿಗೆ ಬೀಳಬೇಕು. ಹಾಗಾದರೆ ಗೇಜೂ ವೈರೂ ಸರಿ, ದೋಷ ಸೆಂಡರಿನದು.

27ರ ದಾರಿಯಲ್ಲಿ ಪ್ಯಾಕರ್ಡ್ ಕನೆಕ್ಟರುಗಳಿವೆ, ಆ ಕಪ್ಪು ರಬ್ಬರ್ ಗೂಡಿನವು. ಹೊರಗೆ ಹೊಸದರಂತೆ ಕಾಣುತ್ತವೆ. ತಿರುಚುತ್ತಾ ಎಳೆದರೆ ಒಳಗಿನ ಹಿತ್ತಾಳೆ ಕೊಳವೆಯಲ್ಲಿ ಹಸಿರು ಹಿಟ್ಟು ತುಂಬಿರುತ್ತೆ. .22 ಬಂದೂಕಿನ ನಳಿಗೆ ತಿಕ್ಕುವ ಸಣ್ಣ ಹಿತ್ತಾಳೆ ಬ್ರಷ್ ಅದರೊಳಗೆ ಸರಿಯಾಗಿ ಹೋಗುತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ನಾಲ್ಕೈದು ಸಲ ತಿರುಗಿಸಿ, ಒಣಗಿದ ಮೇಲೆ ಅಕ್ಕಿಕಾಳಷ್ಟು ಡೈಎಲೆಕ್ಟ್ರಿಕ್ ಗ್ರೀಸ್. ರಬ್ಬರ್ ಒಣಗಿದ್ದರೆ ಸಿಲಿಕೋನ್ ಸ್ಪ್ರೇ ಹೊಡೆದು ಆಮೇಲೆ ಎಳೆಯಿರಿ, ಪೆಟ್ರೋಲಿಯಂ ಗ್ರೀಸು ರಬ್ಬರನ್ನು ಉಬ್ಬಿಸುತ್ತೆ. ವೈರ್ ಹಿಡಿದು ಮಾತ್ರ ಎಳೆಯಬೇಡಿ.

ಎಡಗಡೆ ಮಂಕು ಬ್ರೇಕ್ ಲೈಟಿಗೂ ಇದೇ ಮದ್ದು. ದೀಪದ ಡಬ್ಬಿ ಅರ್ತ್ ತೆಗೆದುಕೊಳ್ಳೋದು ತನ್ನ ಬೋಲ್ಟಿನ ಮೂಲಕ. ಮೂರು ನಾಲ್ಕು ಸಲ ಬಣ್ಣ ಹೊಡೆಸಿಕೊಂಡ ಗಾಡಿಯಲ್ಲಿ ಆ ಬೋಲ್ಟಿಗೆ ಕಬ್ಬಿಣವೇ ಸಿಕ್ಕಿರಲ್ಲ. ಡಬ್ಬಿಯಿಂದ ಫ್ರೇಮಿಗೆ ಒಂದು ವೈರ್ ತಾಗಿಸಿ ನೋಡಿ, ಬೆಳಕು ಏರಿದರೆ ಅದೇ ದೋಷ. ಬಲ್ಬ್ 28 ವೋಲ್ಟಿನ 1683 ಇರಬೇಕು.

ಫ್ಯೂಸ್ ಇಲ್ಲದ ಗಾಡಿ
ಇದೆಲ್ಲ ಬಿಚ್ಚಿರುವಾಗ ಒಂದು ಬ್ಯಾಟರಿ ಕಟ್-ಆಫ್ ಸ್ವಿಚ್ ಹಾಕಿಬಿಡಿ ಅಂತ ನನ್ನ ಸಲಹೆ. ಈ ಟ್ರಕ್ಕಿನಲ್ಲಿ ಫ್ಯೂಸ್ ಬಾಕ್ಸ್ ಅನ್ನೋದೇ ಇಲ್ಲ. ಕೆಲವು ಸರ್ಕ್ಯೂಟಿಗೆ ತಾನೇ ಬಿಚ್ಚಿ ತಾನೇ ಕೂಡುವ ಬ್ರೇಕರ್ ಇದೆ. ದೀಪ ನಾಲ್ಕು ಸೆಕೆಂಡ್ ಹತ್ತಿ, ಆರಿ, ಮತ್ತೆ ಹತ್ತುತ್ತಿದ್ದರೆ ಲೂಸ್ ಕಾಂಟ್ಯಾಕ್ಟ್ ಅಂತ ತಿಳಿಯಬೇಡಿ, ಎಲ್ಲೋ ಶಾರ್ಟ್ ಆಗಿ ಬ್ರೇಕರ್ ಬಿಸಿಯಾಗ್ತಿದೆ. ದಪ್ಪ ವೈರುಗಳಿಗೆ ಆ ರಕ್ಷಣೆಯೂ ಇಲ್ಲ. ಐವತ್ತು ವರ್ಷದ ರಬ್ಬರ್ ಕ್ಯಾಬಿನ್ ಗೋಡೆಯ ತೂತಿನಲ್ಲಿ ಸವೆದು ತಾಮ್ರ ಕಬ್ಬಿಣಕ್ಕೆ ತಾಗಿದರೆ ವೈರೇ ಫ್ಯೂಸ್ ಆಗುತ್ತೆ. ಆಲ್ಟರ್ನೇಟರಿನಿಂದ ಬರುವ 5ನೇ ವೈರಿಗೂ 80 ಆಂಪಿಯರ್ ಫ್ಯೂಸ್ ಒಂದಿರಲಿ.

ಅರ್ತ್ ವೈರ್
ಕಟ್-ಆಫ್ ಸ್ವಿಚ್ಚಿಗೆ ನೂರಕ್ಕೆ ನೂರು ಒಪ್ಪಿಗೆ. 5ನೇ ವೈರಿನ ಫ್ಯೂಸಿಗೆ ಇಲ್ಲ. ಎಂಜಿನ್ ಓಡುವಾಗ ಆ ಫ್ಯೂಸ್ ಹೋದರೆ ಆಲ್ಟರ್ನೇಟರಿಗೆ ಬ್ಯಾಟರಿಯ ಆಸರೆ ತಪ್ಪುತ್ತೆ, ವೋಲ್ಟೇಜ್ ಜಿಗಿದು ಡಯೋಡು, ರೆಗ್ಯುಲೇಟರು ಎರಡೂ ಸುಡುತ್ತವೆ. ಇದೇ ಕಾರಣಕ್ಕೆ ಎಂಜಿನ್ ಓಡುವಾಗ ಕಟ್-ಆಫ್ ಸ್ವಿಚ್ಚನ್ನೂ ತಿರುಗಿಸಬಾರದು. ಫ್ರೇಮಿಗೆ ವೆಲ್ಡಿಂಗ್ ಮಾಡಿಸುವಾಗಲೂ ಆಲ್ಟರ್ನೇಟರ್ ವೈರ್ ಕಳಚಿ.

ಫ್ಯೂಸ್ ಇಲ್ಲದ ಗಾಡಿ
ಡಯೋಡ್ ಸುಟ್ಟರೆ ಬದಲಿಸಬಹುದು ಅಣ್ಣ, ಕ್ಯಾಬ್ ಸುಟ್ಟರೆ? ಫ್ಯೂಸ್ ಬ್ಯಾಟರಿ ತುದಿಯ ಹತ್ತಿರ ಇರಲಿ, 60 ಆಂಪಿಯರಿನ ಆಲ್ಟರ್ನೇಟರಿಗೆ 80ರದ್ದು ಬರಿ ಚಾರ್ಜಿಂಗಿಗೆ ಹೋಗಲ್ಲ, ನಿಜವಾದ ಶಾರ್ಟ್ ಆದರೆ ಮಾತ್ರ ಹೋಗುತ್ತೆ.

ಅರ್ತ್ ವೈರ್
ಬ್ಯಾಟರಿ ತುದಿಯಲ್ಲಿ, ನೀರು ಬೀಳದ ಗೂಡಿನಲ್ಲಿ, ಬೋಲ್ಟ್ ಹಾಕಿ ಕೂರಿಸುವ ಫ್ಯೂಸ್ ಆದರೆ ಒಪ್ಪಬಹುದು. ಕಾರಿನಲ್ಲಿ ಹಾಕುವ ಒತ್ತಿ ಸಿಕ್ಕಿಸುವ ಫ್ಯೂಸ್ ಈ ಗಾಡಿಯ ನಡುಕಕ್ಕೆ ನಿಲ್ಲಲ್ಲ.

ಕಾಫಿ ತೋಟ
ಕೊಡಗಿನಿಂದ ಕೇಳ್ತಿದ್ದೀನಿ. ಹರಾಜಿನಲ್ಲಿ ಬಂದ ನಮ್ಮ ಸೇನೆಯ ಹಳೇ ಗಾಡಿ ಜೋಂಗಾ, ಶಕ್ತಿಮಾನ್‌ಗಳಿಗೂ ಈ ಲೆಕ್ಕ ನಡೆಯುತ್ತಾ? ಸ್ಲೇವ್ ಕೇಬಲ್ ಅಂದ್ರಲ್ಲ, ಡೌನ್ ಆದಾಗ ಕಾರಿನಿಂದ ಜಂಪ್ ಕೊಡಬಹುದಾ?

ಸೋಡಾ ನೀರು
ಅಳೆಯುವ ಕ್ರಮ ಎಲ್ಲದಕ್ಕೂ ಒಂದೇ, ವೈರ್ ಸಂಖ್ಯೆಗಳು ಮಾತ್ರ ಅಮೆರಿಕದ ಗಾಡಿಯವು. ನಮ್ಮಲ್ಲಿ ಹರಾಜಿನ ಗಾಡಿಗಳು ಹತ್ತಾರು ಕೈ ದಾಟಿರುತ್ತವೆ, ಎಂಜಿನ್ ಬದಲಾಗಿರುತ್ತೆ, 12 ವೋಲ್ಟಿಗೆ ತಿರುಗಿಸಿರುತ್ತಾರೆ. ಎರಡು ಬ್ಯಾಟರಿ ಇದ್ದ ಮಾತ್ರಕ್ಕೆ 24 ಅನ್ನಬೇಡಿ, ಪ್ಯಾರಲಲ್ ಕೂಡ ಇರಬಹುದು. ಸ್ಟಾರ್ಟರಿನ ಫಲಕ, ಡೈನಮೋದ ಫಲಕ, ಬಲ್ಬಿನ ಬುಡ, ಮೂರರ ಮೇಲೂ ಬರೆದಿರುವ ವೋಲ್ಟ್ ಒಂದೇ ಇದೆಯಾ ನೋಡಿ.

ಕಾರಿನ 12 ವೋಲ್ಟನ್ನು 24ರ ಎರಡು ತುದಿಗೆ ಕೊಡಬಾರದು. ನ್ಯಾಟೋ ಮಾದರಿಯ ಸ್ಲೇವ್ ಸಾಕೆಟ್ಟಿದ್ದರೆ 24 ವೋಲ್ಟಿನ ಇನ್ನೊಂದು ಗಾಡಿಯಿಂದ ಮಾತ್ರ ಕೊಡಿ. ಅದರಲ್ಲಿ ನಡುವಿನ ಕಡ್ಡಿ ಪಾಸಿಟಿವ್, ಸುತ್ತಲಿನ ಬಳೆ ನೆಗೆಟಿವ್. ಕಾರು ಮಾತ್ರ ಇದೆ ಅಂದರೆ ಲಿಂಕ್ ಕಳಚಿ ಒಂದೊಂದು ಬ್ಯಾಟರಿಯನ್ನೂ ಅರ್ಧರ್ಧ ಗಂಟೆ ಬೇರೆಯಾಗಿ ಚಾರ್ಜ್ ಮಾಡಿ, ಲಿಂಕ್ ಮತ್ತೆ ಹಾಕಿ, ಆಮೇಲೆ ಸೆಲ್ಫ್ ಹೊಡೆಯಿರಿ.

ಎರಡೂವರೆ ಟನ್
ಫ್ರೇಮಿನ ಬೋಲ್ಟ್ ಜಾಗ ತಿಕ್ಕಿ, ಎಂಜಿನ್ ಪಟ್ಟಿ ಬದಲಿಸಿ, 27ರ ಮೂರು ಕನೆಕ್ಟರ್ ಶುಚಿ ಮಾಡಿದ ಮೇಲೆ: ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 21.6, ಸ್ಟಾರ್ಟರಿನಲ್ಲಿ 20.7. ಓಡುವಾಗ ಕೆಳಗಿನದು 14.0, ಮೇಲಿನದು 14.2. ಮುಳ್ಳು ಹಸಿರಿನ ನಡುವೆ. ಎಡಗಡೆ ಬ್ರೇಕ್ ಲೈಟಿನ ಡಬ್ಬಿಗೆ ಅರ್ತ್ ಇನ್ನೂ ಹಾಕಿಲ್ಲ.

ಅರ್ತ್ ವೈರ್
0.9 ಮಾತ್ರ ಉಳಿದಿದೆ, ಚೆನ್ನಾಗಿದೆ. ಹತ್ತು ದಿನ ಬಿಟ್ಟು ಎರಡೂ ಬ್ಯಾಟರಿಯನ್ನು ಮತ್ತೊಮ್ಮೆ ಬೇರೆಬೇರೆಯಾಗಿ ಅಳೆಯಿರಿ. ವ್ಯತ್ಯಾಸ 0.1 ದಾಟಿದರೆ ಕೆಳಗಿನದರ ಸೆಲ್‌ಗಳಿಗೆ ಮತ್ತೆ ಹೈಡ್ರೋಮೀಟರ್ ಇಳಿಸಿ, ಖಾಲಿಯಾಗಿ ಬಹಳ ದಿನ ನಿಂತ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಕೂತಿರಬಹುದು. ಆಸಿಡ್ ಬ್ಯಾಟರಿ ಆದ್ದರಿಂದ ಗಾಳಿಯಾಡುವ ಜಾಗದಲ್ಲಿ, ಗಾಡಿಯಿಂದ ಹೊರಗೆ, 15.5 ವೋಲ್ಟಿನಲ್ಲಿ 5 ಆಂಪಿಯರ್ ಮೀರದಂತೆ ಮೂರು ಗಂಟೆ ಕೊಟ್ಟು ನೋಡಬಹುದು.